ಮೂರು ಊರು, ಮೂರು ಮಣ್ಣು, ಒಂದು ಗಾಡಿ

ಗಾಡಿ ಸರ್ವಿಸ್ ಯಾವಾಗ ಮಾಡಿಸಬೇಕು ಅಂತ ಕೇಳಿದರೆ ನಾವೆಲ್ಲ ಕಿಲೋಮೀಟರ್ ಲೆಕ್ಕ ಹೇಳ್ತೀವಿ. ಟಾರು ರಸ್ತೆಯಲ್ಲಿ ಓಡಾಡುವ ಗಾಡಿಗೆ ಅದು ಸರಿ. ಮಣ್ಣಿನ ದಾರಿಗೆ ಇಳಿಯುವ ಆಫ್‌ರೋಡ್ ಗಾಡಿಗೆ ಮಾತ್ರ, ಎಷ್ಟು ದೂರ ಓಡಿತು ಅನ್ನುವುದಕ್ಕಿಂತ ಯಾವ ಮಣ್ಣಲ್ಲಿ ಓಡಿತು ಅನ್ನುವುದು ಮುಖ್ಯ. ಇದನ್ನು ನಾವು ದುಡ್ಡು ಕೊಟ್ಟು ಕಲಿತೆವು.

ನಾವು ಮೂವರು. ಒಬ್ಬರ ಊರು ಕಡೂರು, ಇನ್ನೊಬ್ಬರದು ತರೀಕೆರೆ, ಮತ್ತೊಬ್ಬರದು ಅಜ್ಜಂಪುರ. ಮೂವರೂ ದುಡ್ಡು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ 200 ಸಿಸಿ ಗಾಡಿ ತಗೊಂಡ್ವಿ. ಮೂರು ಊರೂ ಒಂದೇ ಜಿಲ್ಲೆಯಲ್ಲಿವೆ, ಆದರೆ ಮಣ್ಣು ಒಂದೇ ಅಲ್ಲ.

ಕಡೂರು: ಧೂಳು

ಬೇಸಿಗೆ ರಜೆಯಲ್ಲಿ ಅಯ್ಯನಕೆರೆ ಕಡೆಯ ಮಣ್ಣಿನ ದಾರಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಓಡಿಸಿದ್ವಿ. ಬಯಲುಸೀಮೆಯ ಧೂಳು ಹೇಗಿರುತ್ತೆ ಅಂತ ಗೊತ್ತಲ್ಲ. ಏರ್ ಫಿಲ್ಟರ್ ತೆಗೆದು ನೋಡಿದರೆ ಕೆಂಪಗಾಗಿತ್ತು. ನಾವೇ ಜಾಣರು ಅಂತ ಕಂಪ್ರೆಸರ್ ಗಾಳಿ ಹೊಡೆದು, ಫಳಫಳ ಮಾಡಿ ಹಾಕಿದ್ವಿ. ಎರಡೇ ತಿಂಗಳಲ್ಲಿ ಸೈಲೆನ್ಸರ್‌ನಿಂದ ನೀಲಿ ಹೊಗೆ. ಬಿಚ್ಚಿ ನೋಡಿದರೆ ಸಿಲಿಂಡರ್ ತುಂಬ ಉದ್ದುದ್ದ ಗೆರೆಗಳು, ರಿಂಗ್ ಸವೆದಿತ್ತು. ಪಿಸ್ಟನ್, ರಿಂಗ್, ಬೋರ್ ಎಲ್ಲ ಹೊಸದು. ಮೂವರ ಎರಡು ತಿಂಗಳ ಮೆಸ್ ದುಡ್ಡು ಅಲ್ಲಿಗೆ ಹೋಯ್ತು.

ಯಾಕೆ ಹೀಗಾಯ್ತು ಅಂತ ಆಮೇಲೆ ಲೆಕ್ಕ ಹಾಕಿದ್ವಿ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತೆ. 6,000 ಆರ್‌ಪಿಎಂ ಅಂದರೆ ನಿಮಿಷಕ್ಕೆ 3,000 ಸಲ. ಪ್ರತಿ ಸಲ 0.2 ಲೀಟರ್ ಅಂದುಕೊಂಡರೆ ನಿಮಿಷಕ್ಕೆ 600 ಲೀಟರ್ ಗಾಳಿ. ಥ್ರಾಟಲ್ ಪೂರ್ತಿ ತೆರೆದಾಗಿನ ಲೆಕ್ಕ ಇದು, ನಿಜದಲ್ಲಿ ಇನ್ನೂ ಕಡಿಮೆ ಇರುತ್ತೆ. ಆದರೂ ಅಷ್ಟು ಗಾಳಿಯ ಜೊತೆ ಬರುವ ಧೂಳನ್ನು ತಡೆಯುವುದು ಒಂದು ತೆಳು ಕಾಗದ. ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ, ಮೋಸ್ ಗಡಸುತನದಲ್ಲಿ 7. ಅವು ಎಣ್ಣೆಯ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ತಯಾರಾದ ಹಾಗೆ.

ಪಾಠ ಇಷ್ಟು. ಎಣ್ಣೆ ಹಚ್ಚಿದ ಕಾಗದದ ಫಿಲ್ಟರ್ ಆದರೆ ತೊಳೆಯಬೇಡಿ, ಗಾಳಿ ಹೊಡೆಯಬೇಡಿ, ಹೊಸದು ಹಾಕಿ. ಗಾಳಿ ಹೊಡೆದರೆ ಎಣ್ಣೆ ಹಾರುತ್ತೆ, ಕಾಗದ ಹರಿಯುತ್ತೆ. ಫೋಮ್ ಫಿಲ್ಟರ್ ಆದರೆ ಸೋಪಿನ ನೀರಲ್ಲಿ ಹಿಂಡದೆ ಒತ್ತಿ ತೊಳೆದು, ನೆರಳಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ. ಏರ್ ಬಾಕ್ಸ್‌ನ ಒಳಗೂ ಒಮ್ಮೆ ಬೆರಳಾಡಿಸಿ. ಫಿಲ್ಟರ್ ದಾಟಿದ ಕಡೆ ಧೂಳು ಸಿಕ್ಕರೆ ಗಾಡಿ ಸ್ಟಾರ್ಟ್ ಮಾಡಬೇಡಿ.

ತರೀಕೆರೆ: ಏರು ಮತ್ತು ನೀರು

ಇಲ್ಲಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿ. ಅಲ್ಲಿನ ಎತ್ತರ ಸುಮಾರು 1,434 ಮೀಟರ್. ಸಮುದ್ರಮಟ್ಟಕ್ಕಿಂತ ಗಾಳಿಯ ಸಾಂದ್ರತೆ ಸುಮಾರು ಶೇ. 13 ಕಡಿಮೆ, ಅದಕ್ಕೆ ಎಂಜಿನ್ ಸ್ವಲ್ಪ ಸೋತ ಹಾಗೆ ಅನಿಸುತ್ತೆ. ಅದಕ್ಕೇ ಟ್ಯೂನಿಂಗ್ ಮಾಡಿಸೋಣ ಅಂತ ನಮಗೂ ಅನ್ನಿಸಿತ್ತು. ಆದರೆ ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಪೆಟ್ರೋಲನ್ನು ಅದೇ ಕಡಿಮೆ ಮಾಡುತ್ತೆ. ನಿಜವಾದ ಟ್ಯೂನಿಂಗ್ ಶುರುವಾಗುವುದು ಲ್ಯಾಪ್‌ಟಾಪಿನಿಂದ ಅಲ್ಲ, ಅಳತೆ ಟೇಪಿನಿಂದ.

ಮೊದಲು ಸ್ಯಾಗ್. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಬೂಟು ಎಲ್ಲ ಹಾಕಿ ಕೂತಾಗ ಅದನ್ನೇ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಯಾಗ್. ಅದು ಒಟ್ಟು ಟ್ರಾವೆಲ್‌ನ ಶೇ. 30ರ ಆಸುಪಾಸು ಇರಲಿ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರ ಹಿಂದಿನ ಟ್ರಾವೆಲ್ 170 ಮಿ.ಮೀ., ಅಂದರೆ ಸ್ಯಾಗ್ ಸುಮಾರು 51 ಮಿ.ಮೀ. ಜಾಸ್ತಿ ಬಂದರೆ ಪ್ರೀಲೋಡ್ ಏರಿಸಿ, ಕಡಿಮೆ ಬಂದರೆ ಇಳಿಸಿ. ಒಂದು ಮಾತು: ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗಲ್ಲ. ಸ್ಪ್ರಿಂಗಿನ ಕೆ ಅಷ್ಟೇ ಇರುತ್ತೆ, ಗಾಡಿಯ ಎತ್ತರ ಮಾತ್ರ ಬದಲಾಗುತ್ತೆ.

ಚೈನ್ ವಿಷಯದಲ್ಲೂ ಇದೇ ಜ್ಯಾಮಿತಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಸ್ಟ್ಯಾಂಡ್ ಮೇಲೆ ನೋಡಲು ಚೆನ್ನಾಗಿದೆ ಅಂತ ಬಿಗಿ ಮಾಡಿದರೆ, ಗುಂಡಿಗೆ ಬಿದ್ದಾಗ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಅದರ ಎಳೆತ ತಿನ್ನುತ್ತೆ. ಕಂಪನಿ ಹೇಳಿದಷ್ಟು ಸಡಿಲ ಬಿಡಿ. ಚೈನ್ ಕ್ಲೀನ್ ಮಾಡುವಾಗ ಎಂಜಿನ್ ಆಫ್ ಇರಲೇಬೇಕು, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಗೇರಿಗೆ ಹಾಕಿ ಬಟ್ಟೆ ಹಿಡಿಯುವ ಅಭ್ಯಾಸದಿಂದ ಬೆರಳೇ ಹೋಗುತ್ತೆ.

ಹಳ್ಳ ದಾಟಿದ ಮೇಲೆ ಎಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ, ಬದಲಾಯಿಸದೆ ಓಡಿಸಬೇಡಿ.

ಅಜ್ಜಂಪುರ: ಎರೆ ಮಣ್ಣು

ಮಳೆ ಬಂದ ಮಾರನೇ ದಿನ ಎರೆ ಹೊಲದ ಪಕ್ಕದ ಬಂಡಿದಾರಿಗೆ ಇಳಿದ್ವಿ. ಅಲ್ಲಿದ್ದ ಅಜ್ಜ ಒಬ್ಬರು, "ಎತ್ತೇ ಇಳಿಯಲ್ಲ ಕಣ್ರಪ್ಪ, ನೀವು ಗಾಡಿ ಇಳಿಸ್ತೀರಾ?" ಅಂದರು. ನಾವು ನಕ್ಕೆವು. ನೂರು ಮೀಟರ್ ಹೋಗುವಷ್ಟರಲ್ಲಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಮುಂದಿನ ಚಕ್ರವೇ ನಿಂತುಹೋಯ್ತು. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತೆ, ಅಂಟುತ್ತೆ, ಒಣಗಿದರೆ ಕಲ್ಲಾಗುತ್ತೆ. ಅಜ್ಜನೇ ಕುಡುಗೋಲು ಕೊಟ್ಟರು, ಕೆರೆದು ಕೆರೆದು ತೆಗೆದ್ವಿ.

ಇದನ್ನು ತೊಳೆಯುವಾಗಲೇ ಹೆಚ್ಚು ಹಾಳಾಗುವುದು. ಪ್ರೆಶರ್ ನೀರನ್ನು ವೀಲ್ ಬೇರಿಂಗ್, ಸ್ವಿಂಗ್‌ಆರ್ಮ್ ಪಿವಟ್, ಫೋರ್ಕ್ ಸೀಲ್ ಕಡೆ ಹಿಡಿದರೆ ಸೀಲ್ ದಾಟಿ ನೀರು ಒಳಗೆ ಹೋಗಿ ಗ್ರೀಸ್ ಕೆಡುತ್ತೆ. ಬಕೆಟ್ ನೀರು, ಮೆತ್ತನೆ ಬ್ರಷ್ ಸಾಕು. ಫೋರ್ಕ್ ಪೈಪಿನ ಮಣ್ಣನ್ನು ಒಣಗುವ ಮೊದಲೇ ಒರೆಸಿ. ಒಣಗಿದ ಮಣ್ಣು ಸೀಲನ್ನು ಕೊಯ್ಯುತ್ತೆ.

ಇನ್ನೊಂದು ವಿಷಯ. ಭದ್ರಾ ಹುಲಿ ಮೀಸಲು ಕಾಡು, ಅಮೃತಮಹಲ್ ಕಾವಲು ನಮ್ಮ ಟ್ರ್ಯಾಕ್ ಅಲ್ಲ. ಸೈಲೆನ್ಸರ್ ಬದಲಾಯಿಸಿ ಊರನ್ನೆಲ್ಲ ಎಬ್ಬಿಸುವುದೂ ಟ್ಯೂನಿಂಗ್ ಅಲ್ಲ, ಕಾನೂನಿಗೂ ವಿರುದ್ಧ.

2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್. ಆ ರ್‍ಯಾಲಿಯ ಮ್ಯಾರಥಾನ್ ಹಂತದಲ್ಲಿ ಮೆಕ್ಯಾನಿಕ್ ತಂಡದ ಸಹಾಯ ಸಿಗಲ್ಲ, ಗಾಡಿಯನ್ನು ಸವಾರರೇ ನೋಡಿಕೊಳ್ಳಬೇಕು. ನಾವು ಡಕಾರ್‌ಗೆ ಹೋಗ್ತೀವೋ ಇಲ್ವೋ, ಫಿಲ್ಟರ್ ಬಿಚ್ಚಿ ನೋಡೋಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸೋಕೆ ಹೋಗಿ ನಾವು ಒಂದು ಎಂಜಿನ್ ಕಳಕೊಂಡ್ವಿ. ನೀವು ಕಳಕೊಳ್ಳಬೇಡಿ.