ಎಂಜಿನಿಲ್ಲದ ವಿಮಾನಗಳ ಪಂದ್ಯವೂ ಅದರ ನ್ಯಾಯವೂ

ಕೆಂಗೇರಿಯ ಬಯಲಿನ ಮೇಲಾಗಲಿ ಬಸವೇಶ್ವರನಗರದ ಮಹಡಿಗಳ ಮೇಲಾಗಲಿ, ಬೇಸಗೆಯ ಹಗಲಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆಯೇ ಸುತ್ತುಸುತ್ತಾಗಿ ಮೇಲೇರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಬಿಸಿಲಿಗೆ ಕಾದ ನೆಲವು ತನ್ನ ಮೇಲಣ ಗಾಳಿಯನ್ನು ಕಾಯಿಸುವುದು. ಕಾದ ಗಾಳಿಯು ಹಗುರವಾಗಿ ಮೇಲಕ್ಕೆ ಹೋಗುವುದು. ಹಕ್ಕಿಯು ಆ ಏರುಗಾಳಿಯೊಳಗೆ ಸುತ್ತುತ್ತ ಅದರೊಡನೆ ಏರುವುದು. ಒಂದು ಹದ್ದು ಹೀಗೆ ಏರುವುದನ್ನು ಕಂಡೊಡನೆ ದೂರದ ಹದ್ದುಗಳೂ ಅಲ್ಲಿಗೆ ಬಂದು ಸೇರುವುವು. ಮೊದಲು ಗಾಳಿಯನ್ನು ಕಂಡ ಹದ್ದಿಗೆ ಇದರಿಂದ ಅನ್ಯಾಯವಾಯಿತೆಂದು ಯಾರೂ ಹೇಳಲಾರರು. ಆದರೆ ಮನುಷ್ಯರು ಇದೇ ವಿದ್ಯೆಯನ್ನು ಪಂದ್ಯವಾಗಿ ಆಡುವಾಗ, ಮುಂದೆ ಹೋದವರ ಸುಳಿವನ್ನು ಎಷ್ಟರ ಮಟ್ಟಿಗೆ ಬಳಸಬಹುದೆಂಬ ಪ್ರಶ್ನೆಯು 2020ರಲ್ಲಿ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು. ಅದನ್ನು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಗ್ಲೈಡರ್ ಎಂಬುದು ಉದ್ದವಾದ ರೆಕ್ಕೆಗಳುಳ್ಳ ಹಗುರವಾದ ವಿಮಾನ. ಸಾಧಾರಣವಾಗಿ ಎಂಜಿನಿರುವ ಇನ್ನೊಂದು ವಿಮಾನವು ಅದನ್ನು ಹಗ್ಗದಿಂದ ಎಳೆದು ಎತ್ತರದಲ್ಲಿ ಬಿಡುವುದು. ಆ ಬಳಿಕ ಅದು ಎಂಜಿನಿನ ಬಲವಿಲ್ಲದೆ ಜಾರುತ್ತಲೇ ಇರಬೇಕು. ಒಳ್ಳೆಯ ಗ್ಲೈಡರು ನಿಶ್ಚಲವಾದ ಗಾಳಿಯಲ್ಲಿ 1 ಕಿಲೋಮೀಟರ್ ಎತ್ತರದಿಂದ ಹೊರಟು ಸುಮಾರು 40 ಕಿಲೋಮೀಟರ್ ದೂರ ಸಾಗಬಲ್ಲುದು. ಪಂದ್ಯದ ದಾರಿಯೋ ನೂರಾರು ಕಿಲೋಮೀಟರ್ ಉಂಟು. ಆದುದರಿಂದ ನಡುನಡುವೆ ಏರುಗಾಳಿಯನ್ನು ಹುಡುಕಿ, ಎತ್ತರವನ್ನು ಗಳಿಸಿ, ಗೊತ್ತುಮಾಡಿದ ಗುರುತುಗಳನ್ನೆಲ್ಲಾ ಸುತ್ತಿ ಬರಬೇಕು. ಮೋಡದ ಬುಡ, ಉತ್ತ ಹೊಲದ ಬಣ್ಣ, ಬಂಡೆಯ ಮೇಲಣ ಬಿಸಿಲು, ಹಕ್ಕಿಗಳ ಹಾರಾಟ, ಇವುಗಳನ್ನು ಓದಬಲ್ಲವರೇ ಇಲ್ಲಿ ಜಾಣರು.

ಇಂಥ ಪಂದ್ಯಗಳಲ್ಲಿ ಯಾವಾಗ ಹೊರಡಬೇಕೆಂಬುದು ಬಹುಮಟ್ಟಿಗೆ ಸ್ಪರ್ಧಿಯ ಇಚ್ಛೆಗೆ ಬಿಟ್ಟದ್ದು. ಮೊದಲು ಹೊರಟವಳು ಬರಿದಾದ ಆಕಾಶದಲ್ಲಿ ದಾರಿ ಹುಡುಕುವಳು. ಹಿಂದೆ ಬರುವವಳು ಮುಂದೆ ಸುತ್ತುತ್ತಿರುವ ರೆಕ್ಕೆಗಳನ್ನು ಕಂಡು ನೆಟ್ಟಗೆ ಅಲ್ಲಿಗೇ ಬರುವಳು. ಕಣ್ಣಿಗೆ ಕಂಡದ್ದನ್ನು ಬಳಸಿಕೊಳ್ಳುವುದು ಆಟದ ಒಂದು ಭಾಗವೇ ಸರಿ. ಹದ್ದುಗಳಿಗೂ ಅದೇ ನೀತಿ. ಕಣ್ಣಿನ ಎಲ್ಲೆಯನ್ನು ಮೀರಿದ ಉಪಕರಣಗಳು ಬಂದ ಮೇಲೆ ತೊಡಕು ಹೆಚ್ಚಾಯಿತು.

2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಎಂಬ ಚಿಕ್ಕ ಯಂತ್ರವು ಹುಟ್ಟಿತು. ಒಂದೇ ಏರುಗಾಳಿಯಲ್ಲಿ ಹತ್ತಾರು ಗ್ಲೈಡರುಗಳು ಸುತ್ತುವಾಗ ಒಂದಕ್ಕೊಂದು ತಾಗಿ ಪ್ರಾಣಹಾನಿಯಾಗುವ ಭಯವುಂಟು. ಅದನ್ನು ತಡೆಯಲು ಈ ಯಂತ್ರವು ಜಿ.ಪಿ.ಎಸ್.ನಿಂದ ತಾನಿರುವ ಸ್ಥಳವನ್ನು ತಿಳಿದು, ತಾನು ಹೋಗಲಿರುವ ದಾರಿಯನ್ನೂ ಎಣಿಸಿ, ರೇಡಿಯೋ ಮೂಲಕ ಸುತ್ತಲಿನವರಿಗೆ ಸಾರುವುದು. ಕೆಲವು ಕಾಲದ ಮೇಲೆ ಸ್ವಯಂಸೇವಕರು ನೆಲದ ಮೇಲೆ ರೇಡಿಯೋ ಗ್ರಾಹಕಗಳನ್ನಿಟ್ಟು, ಆ ಸಂಕೇತಗಳನ್ನು ಕೂಡಿಸಿ, ಗ್ಲೈಡರುಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿದರು. ಇದರಿಂದ ಉಪಕಾರವೇ ಆಯಿತು. ದೂರದ ಹೊಲದಲ್ಲಿಳಿದವಳನ್ನು ಹುಡುಕುವುದು ಸುಲಭವಾಯಿತು. ಮನೆಯಲ್ಲಿರುವ ತಾಯಿಯೂ ಮಗಳ ಗ್ಲೈಡರನ್ನು ನಕ್ಷೆಯ ಮೇಲೆ ನೋಡುವಂತಾಯಿತು. ಆದರೆ ನೆಲದಲ್ಲಿ ಕುಳಿತ ತಂಡದ ನಾಯಕನೂ ಅದೇ ನಕ್ಷೆಯನ್ನು ನೋಡಿ, ಎದುರಾಳಿಯು ಎಲ್ಲಿ ಚೆನ್ನಾಗಿ ಏರುತ್ತಿರುವಳೆಂಬುದನ್ನು ತನ್ನವರಿಗೆ ರೇಡಿಯೋದಲ್ಲಿ ಹೇಳಬಹುದಷ್ಟೆ.

ಇದಕ್ಕೆ ಕಂಡುಕೊಂಡ ಒಂದು ಪರಿಹಾರವು ಕಾಲವನ್ನು ತಡಮಾಡುವುದು. ಪಂದ್ಯದ ನಕ್ಷೆಯು 15 ನಿಮಿಷ ಹಿಂದಿನದನ್ನು ತೋರಿಸಿದರೆ ನೋಡುವವರ ಸಂತೋಷಕ್ಕೆ ಕುಂದಿಲ್ಲ. ಘಂಟೆಗೆ 100 ಕಿಲೋಮೀಟರ್ ವೇಗದಿಂದ ಹೋಗುವ ಗ್ಲೈಡರು ಅಷ್ಟರಲ್ಲಿ 25 ಕಿಲೋಮೀಟರ್ ಮುಂದೆ ಹೋಗಿರುವುದು. ಅದು ಬಿಟ್ಟುಹೋದ ಏರುಗಾಳಿಯೂ ಪ್ರಾಯಶಃ ಕುಗ್ಗಿರುವುದು.

2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸೀಮೆಯ ಲೇಕ್ ಕೀಪಿಟ್ ಎಂಬಲ್ಲಿ ಸ್ತ್ರೀಯರ ವಿಶ್ವ ಗ್ಲೈಡಿಂಗ್ ಪಂದ್ಯವು ನಡೆಯಿತು. ಅಲ್ಲಿ ಈ ತಡವನ್ನು ಏರ್ಪಡಿಸಿದ್ದರು. ಆದರೆ ಆತಿಥೇಯ ದೇಶದ ತಂಡದ ಕಡೆಯವರು ತಡವಿಲ್ಲದ ಸಮಾಚಾರವನ್ನೇ ಪಡೆಯುತ್ತಿದ್ದರೆಂಬುದು ಪಂದ್ಯದ ಕೊನೆಯಲ್ಲಿ ಬೈಲಾಯಿತು. ಆ ತಂಡದ ಸ್ಪರ್ಧಿಗಳ ಅಂಕಗಳನ್ನು ದಂಡವಾಗಿ ಕಳೆದರು. ಅವರು ಪಟ್ಟಿಯಲ್ಲಿ ಕೆಳಗಿಳಿದರು.

ಬೀಗವಿಲ್ಲದ ಬಾಗಿಲನ್ನು ತೆರೆದರೆ ತಪ್ಪೇನು ಎಂದು ಇಂಥ ಪ್ರಸಂಗಗಳಲ್ಲಿ ಕೇಳುವವರುಂಟು. ನಮ್ಮ ನಾಡಿನ ತಾಯಿತಂದೆಗಳಿಗೆ ಇದು ಹೊಸ ಮಾತಲ್ಲ. 2016ರ ಮಾರ್ಚಿಯಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನಪತ್ರಿಕೆಯು ಎರಡಾವೃತ್ತಿ ಹೊರಬಿದ್ದಿತು. ಮಕ್ಕಳು ಏಪ್ರಿಲಿನಲ್ಲಿ ಪರೀಕ್ಷೆ ಬರೆಯಬೇಕಾಯಿತು. ಮೊಬೈಲಿಗೆ ತಾನಾಗಿ ಬಂದ ಪ್ರಶ್ನೆಯನ್ನು ಓದಿದ ಹುಡುಗಿಯು ಯಾವ ಬೀಗವನ್ನೂ ಒಡೆಯಲಿಲ್ಲವೆಂಬುದು ನಿಜ. ಆದರೂ ಅವಳಿಗೆ ದೊರೆತ ಅಂಕಗಳನ್ನು ಆ ಪ್ರಶ್ನೆಯನ್ನು ಕಾಣದವಳ ಅಂಕಗಳ ಪಕ್ಕದಲ್ಲಿಟ್ಟು ಹೋಲಿಸಲು ಬರುವುದೇ? ಇನ್ನೊಂದು ನಷ್ಟವನ್ನು ಜನರು ಅಷ್ಟಾಗಿ ಎಣಿಸುವುದಿಲ್ಲ. ಹಾರಿದವಳು ತನ್ನ ಜಾಣತನದಿಂದಲೇ ಗೆದ್ದಿದ್ದರೂ, ನೆಲದಿಂದ ಬಂದ ಸುಳಿವು ಎಷ್ಟು, ತನ್ನದು ಎಷ್ಟು ಎಂದು ಬೇರ್ಪಡಿಸಿ ತೋರಿಸಲು ಆಕೆಯಿಂದಲೂ ಆಗದು. ಮೋಸವು ನಾಯಕನದಾದರೂ ಸಂದೇಹವು ಆಕೆಯ ಪಾಲಿಗೆ ಉಳಿಯುವುದು.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ತೆರೆದಿಡೋಣವೆಂದು ಕೆಲವರ ಮತ. ಇದು ಮೇಲ್ನೋಟಕ್ಕೆ ಸಮವೆಂದು ತೋರುವುದು. ಆದರೆ ನಕ್ಷೆಯ ಮುಂದೆ ದಿನವಿಡೀ ಕುಳಿತು ಹೇಳಲು ಆಳುಗಳನ್ನು ಕರೆತರಬಲ್ಲ ಶ್ರೀಮಂತ ತಂಡಕ್ಕೂ, ಒಬ್ಬಳೇ ಬಂದ ಸ್ಪರ್ಧಿಗೂ ಅದು ಸಮವಾಗದು. ಯಂತ್ರವನ್ನೇ ಆರಿಸಿಬಿಡುವುದಂತೂ ನಮಗೆ ಒಪ್ಪಿಗೆಯಿಲ್ಲ. ಪದಕಕ್ಕಾಗಿ ಪ್ರಾಣವನ್ನು ಪಣವಿಡುವುದು ಯಾವ ನ್ಯಾಯ? ಫ್ಲಾರ್ಮಿನಲ್ಲಿ ಅಪಾಯದ ಎಚ್ಚರಿಕೆಯನ್ನು ಉಳಿಸಿಕೊಂಡು ದೂರದವರ ವಿವರವನ್ನು ಮರೆಮಾಡುವ ಏರ್ಪಾಡೂ ಉಂಟು. ಹತ್ತಿರದ ಅಪಾಯವನ್ನು ಹಾರುವವರು ತಿಳಿಯಲಿ, ತಡವಿಲ್ಲದ ನಕ್ಷೆಯನ್ನು ರಕ್ಷಣೆಗಾಗಿ ವ್ಯವಸ್ಥಾಪಕರು ಮಾತ್ರ ನೋಡಲಿ, ಉಳಿದವರು 15 ನಿಮಿಷ ಕಾಯಲಿ ಎಂಬುದೇ ನಮಗೆ ಸರಿಯೆಂದು ತೋರುವುದು. ಆದರೆ ಆ ನಕ್ಷೆಗೆ ನಿಜವಾದ ಬೀಗವನ್ನು ಹಾಕುವ ಹೊಣೆ ವ್ಯವಸ್ಥಾಪಕರದು.

ಮೇಲಾಗಿ, ಕಲಿಯಬೇಕೆನ್ನುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಪ್ರತಿಯೊಂದು ಗ್ಲೈಡರಿನಲ್ಲಿಯೂ ಹಾರಾಟವನ್ನು ಬರೆದಿಡುವ ಯಂತ್ರವಿರುವುದು. ಇಳಿದ ಮೇಲೆ ಅದರ ದಾಖಲೆಯನ್ನು ಅಂಕ ಹಾಕುವವರಿಗೆ ಒಪ್ಪಿಸಬೇಕು. ಅದು ಪ್ರಕಟವಾದ ಬಳಿಕ ಗೆದ್ದವಳು ಯಾವ ಬೆಟ್ಟದ ಮೇಲೆ ಎಷ್ಟು ಸುತ್ತು ಹಾಕಿದಳು, ಎಲ್ಲಿ ಗಾಳಿಯನ್ನು ಬಿಟ್ಟು ಹೊರಟಳು ಎಂಬುದನ್ನು ಸೋತವಳು ಸಾವಕಾಶವಾಗಿ ಕುಳಿತು ನೋಡಬಹುದು.