ಹಿತ್ತಲ ಕೋಳಿಗಳ ಉಸಿರಾಟದ ರೋಗಗಳೂ ಅವುಗಳ ನಿವಾರಣೋಪಾಯಗಳೂ

ಅಜ್ಜಂಪುರದ ಸೀಮೆಯು ಅಮೃತಮಹಲ್ ತಳಿಯ ದನಗಳಿಗೆ ಹೆಸರಾದುದು. ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ಸುತ್ತಣ ಗ್ರಾಮಗಳ ರೈತರು ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಬರುವ ಸಂಭ್ರಮವನ್ನು ನೋಡಿದವರಿಗೆ, ಇಲ್ಲಿನ ಬೇಸಾಯಗಾರರು ತಮ್ಮ ಎತ್ತುಗಳನ್ನು ಎಷ್ಟು ಅಕ್ಕರೆಯಿಂದ ಸಾಕುವರೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಚಿಂತಿಸುವರು. ಆದರೆ ಅದೇ ಮನೆಯ ಹಿತ್ತಲಿನಲ್ಲಿ ಹತ್ತು ಕೋಳಿಗಳು ಬಾಯಿ ತೆರೆದು ಉಸಿರೆಳೆಯುತ್ತ ನಾಲ್ಕು ದಿವಸಗಳಲ್ಲಿ ಸತ್ತುಹೋದರೆ, "ಕೋಳಿಗೆ ರೋಗ ಬಡಿಯಿತು" ಎಂದು ಹೇಳಿ ಸುಮ್ಮನಾಗುವುದೇ ವಾಡಿಕೆ.

ಈ ಉದಾಸೀನದಿಂದ ನಷ್ಟ ಹೊಂದುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಕೋಳಿಯ ಮತ್ತು ಮೊಟ್ಟೆಯ ಹಣವು ಅವರ ಕೈಯ ಹಣ. ಮಕ್ಕಳ ಪುಸ್ತಕಕ್ಕೂ, ಔಷಧಕ್ಕೂ, ಹಬ್ಬದ ಸಣ್ಣಪುಟ್ಟ ವೆಚ್ಚಕ್ಕೂ ಒದಗುವುದು ಅದೇ. ಹೊಲವಿಲ್ಲದ ಬಡವರಿಗಂತೂ ಆರು ಹೇಂಟೆಗಳೇ ಆಸ್ತಿ. ಆದುದರಿಂದ ಕೋಳಿಗಳ ಉಸಿರಾಟದ ರೋಗಗಳ ಗುರುತುಗಳನ್ನೂ ಅವುಗಳನ್ನು ತಡೆಯುವ ಕ್ರಮವನ್ನೂ ಹಿಡುವಳಿದಾರರೂ ಗ್ರಾಮದ ಮುಖ್ಯಸ್ಥರೂ ತಿಳಿದಿರುವುದು ಅವಶ್ಯಕ.

೧. ಹಿಂಡನ್ನು ಪರೀಕ್ಷಿಸುವ ಬಗೆ

ಕೋಳಿಯು ತನ್ನ ಬೇನೆಯನ್ನು ಆದಷ್ಟು ಮರೆಮಾಡುವ ಪ್ರಾಣಿ. ಹಗಲಿನಲ್ಲಿ ತಿಪ್ಪೆ ಕೆದಕುತ್ತ ಓಡಾಡುವ ಹಿಂಡಿನಲ್ಲಿ ಮೊದಲನೆಯ ದಿನದ ರೋಗವು ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ರಾತ್ರಿಯೇ ಸರಿಯಾದ ಕಾಲ. ಕೋಳಿಗಳು ಗೂಡು ಸೇರಿ ಒಂದು ಗಳಿಗೆ ಕಳೆದ ಮೇಲೆ, ದೀಪವಿಲ್ಲದೆ ಮೆಲ್ಲನೆ ಹೋಗಿ ಗೂಡಿನ ಬಳಿ ಕಿವಿಗೊಟ್ಟು ನಿಲ್ಲಬೇಕು. ಆರೋಗ್ಯವಾದ ಹಿಂಡು ನಿಶ್ಶಬ್ದವಾಗಿರುತ್ತದೆ. ಗೊರಗೊರ ಸದ್ದು, ಸೀನು, ಸಿಳ್ಳಿನಂಥ ಉಸಿರು ಇವುಗಳಲ್ಲಿ ಯಾವುದು ಕೇಳಿಸಿದರೂ ಮಾರನೆಯ ಬೆಳಗ್ಗೆ ಒಂದೊಂದು ಕೋಳಿಯನ್ನೂ ಹಿಡಿದು ಕಣ್ಣು, ಮೂಗು, ಬಾಯಿಯ ಒಳಭಾಗ, ಹಿಕ್ಕೆ ಇವುಗಳನ್ನು ನೋಡತಕ್ಕದ್ದು. ವಾರಕ್ಕೊಮ್ಮೆ ಹೀಗೆ ಮಾಡುವುದಕ್ಕೆ ಖರ್ಚೇನೂ ಇಲ್ಲ.

೨. ರೋಗಗಳ ಭೇದ

ಉಸಿರಾಟದ ತೊಂದರೆಯೆಲ್ಲ ಒಂದೇ ರೋಗವಲ್ಲ. ಸಾಮಾನ್ಯವಾಗಿ ಕಾಣುವ ಬಗೆಗಳು ಹೀಗಿವೆ.

ರಾಣಿಖೇತ್ ಅಥವಾ ಕೊಕ್ಕರೆ ರೋಗ: ಹಳ್ಳಿಯ ಕೋಳಿಗಳಿಗೆ ಮೃತ್ಯುಸ್ವರೂಪವಾದುದು ಇದೇ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಇದನ್ನು ಗುರುತಿಸಿದರು. ಅನಂತರ ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಗಳ ರಾಣಿಖೇತ್ ಎಂಬ ಊರಿನಲ್ಲಿ ಕಂಡುಬಂದುದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ವೈರಸ್ ಎಂಬ ಅತಿಸೂಕ್ಷ್ಮ ರೋಗಾಣುವು ಇದಕ್ಕೆ ಕಾರಣ. ರೋಗಾಣುವು ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿವಸಗಳಲ್ಲಿ, ಕೆಲವು ವೇಳೆ ಎರಡು ದಿವಸಗಳಷ್ಟು ಬೇಗನೆ ಅಥವಾ ಎರಡು ವಾರಗಳಷ್ಟು ತಡವಾಗಿ, ಗುರುತುಗಳು ತೋರುತ್ತವೆ. ಕೋಳಿಯು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತದೆ. ಕತ್ತು ನೀಡಿ ಬಾಯ್ತೆರೆದು ಉಸಿರೆಳೆಯುತ್ತದೆ. ಹಸಿರು ಬಣ್ಣದ ನೀರಾದ ಹಿಕ್ಕೆ ಹಾಕುತ್ತದೆ. ಬದುಕಿ ಉಳಿದ ಕೆಲವಕ್ಕೆ ಕತ್ತು ತಿರುಚಿಕೊಳ್ಳುವುದೂ ಕಾಲು ಸೋಲುವುದೂ ಉಂಟು. ಲಸಿಕೆ ಹಾಕಿಸದ ಹಿಂಡಿನಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಸಾಯಬಹುದು. ಇದಕ್ಕೆ ಔಷಧವಿಲ್ಲ.

ಕೋಳಿಯ ನೆಗಡಿ: ಕೊರೈಜಾ ಎಂದೂ ಕರೆಯುವ ಇದು ಒಂದು ಬಗೆಯ ಬ್ಯಾಕ್ಟೀರಿಯದಿಂದ ಬರುವುದು. ಒಂದರಿಂದ ಮೂರು ದಿವಸಗಳೊಳಗೆ ಮುಖವೂ ಕಣ್ಣಿನ ಸುತ್ತಲೂ ಊದಿಕೊಂಡು, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿಯುತ್ತದೆ. ಹೇಂಟೆಗಳು ಮೊಟ್ಟೆ ನಿಲ್ಲಿಸುತ್ತವೆ. ಕುಡಿಯುವ ನೀರಿನ ಮೂಲಕ ಬಲು ಬೇಗ ಹರಡುವುದಾದರೂ ಸಾವು ಕಡಮೆ. ಪಶುವೈದ್ಯರು ಕೊಡುವ ಔಷಧದಿಂದ ಗುಣವಾಗುತ್ತದೆ. ಆದರೆ ಗುಣವಾದ ಕೋಳಿಯು ರೋಗಾಣುವನ್ನು ಹೊತ್ತುಕೊಂಡಿದ್ದು ಹೊಸ ಕೋಳಿಗಳಿಗೆ ಅಂಟಿಸಬಲ್ಲುದು.

ಬಹುಕಾಲದ ಕೆಮ್ಮು: ಇದು ಮೈಕೋಪ್ಲಾಸ್ಮಾ ಎಂಬ ರೋಗಾಣುವಿನಿಂದ ಬರುವುದು. ಸೀನು, ಗಂಟಲ ಗೊರಗೊರ, ಮೈ ಬಡವಾಗುವಿಕೆ ವಾರಗಟ್ಟಲೆ ಇರುತ್ತವೆ. ಚಳಿಗಾಲದಲ್ಲಿಯೂ ಗಾಳಿಯಿಲ್ಲದ ಗೂಡಿನಲ್ಲಿಯೂ ಹೆಚ್ಚುತ್ತದೆ. ಇದು ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೂ ಇಳಿಯುವುದರಿಂದ, ಇಂಥ ಹೇಂಟೆಯ ಮೊಟ್ಟೆಗಳನ್ನು ಕಾವಿಗೆ ಇಡಬಾರದು.

ಕೋಳಿ ಸಿಡುಬು: ಜುಟ್ಟು ಮುಖಗಳ ಮೇಲೆ ಗಂಟುಗಳೇಳುವುದು ಎಲ್ಲರಿಗೂ ಗೊತ್ತು. ಇದರ ಮತ್ತೊಂದು ಬಗೆಯಲ್ಲಿ ಬಾಯಿಯೊಳಗೂ ಗಂಟಲಿನಲ್ಲಿಯೂ ಹಳದಿಯ ಪೊರೆ ಬೆಳೆದು ಉಸಿರು ಕಟ್ಟುತ್ತದೆ. ಸೊಳ್ಳೆಗಳು ಇದನ್ನು ಹರಡುತ್ತವೆ.

ಗಂಟಲ ಹುಳು: ಎಳೆಯ ಮರಿಗಳು ಪದೇಪದೇ ಬಾಯಿ ಕಳೆದು ತಲೆ ಕೊಡಹುತ್ತಿದ್ದರೆ ಶ್ವಾಸನಾಳದಲ್ಲಿ ಕೆಂಪು ಹುಳುಗಳಿರಬಹುದು. ಎರೆಹುಳುಗಳನ್ನು ತಿನ್ನುವುದರಿಂದ ಇದು ಬರುವುದುಂಟು. ಹುಳುವಿನ ಔಷಧದಿಂದ ವಾಸಿಯಾಗುತ್ತದೆ.

ಬೂಷ್ಟಿನ ರೋಗ: ಬೂಷ್ಟು ಹಿಡಿದ ಹುಲ್ಲು ಹೊಟ್ಟುಗಳನ್ನು ಮರಿಗಳ ಕೆಳಗೆ ಹಾಸಿದರೂ, ಕೆಟ್ಟ ಕಾಳನ್ನು ತಿನ್ನಿಸಿದರೂ ಬೂಷ್ಟಿನ ಕಣಗಳು ಪುಪ್ಪುಸವನ್ನು ಹೊಕ್ಕು ಮರಿಗಳನ್ನು ಕೊಲ್ಲುತ್ತವೆ. ಚಿಕಿತ್ಸೆಯಿಲ್ಲ, ಒಣಗಿದ ಹಾಸೇ ಇದರ ಮದ್ದು.

ಹಕ್ಕಿಜ್ವರ: ಒಂದೆರಡು ದಿವಸಗಳಲ್ಲಿ ಹಿಂಡಿಗೆ ಹಿಂಡೇ ಸತ್ತು, ಜುಟ್ಟು ಕಾಲುಗಳು ನೀಲಿಗಟ್ಟಿ ಮುಖ ಊದಿದ್ದರೆ ಇದರ ಶಂಕೆ ಪಡಬೇಕು. ಭಾರತದಲ್ಲಿ ಇದು ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿಯೂ, 2020ರ ಮಾರ್ಚಿಯಲ್ಲಿ ಮೈಸೂರಿನಲ್ಲಿಯೂ ಹರಿಹರದ ಸಮೀಪದಲ್ಲಿಯೂ ಕಾಣಿಸಿಕೊಂಡಿತು. ಹರಿಹರವು ಅಂತರಘಟ್ಟೆಗೆ ಬಹು ದೂರದ ಊರಲ್ಲ. ಇದು ಮನುಷ್ಯರಿಗೂ ಅಂಟಬಲ್ಲುದಾದುದರಿಂದ ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಕೂಡಲೆ ವರದಿ ಮಾಡಬೇಕು. ಮುಟ್ಟಿದವರಿಗೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ಹೇಳತಕ್ಕದ್ದು.

ರಾಣಿಖೇತಿಗೂ ಹಕ್ಕಿಜ್ವರಕ್ಕೂ ಕಣ್ಣಿಗೆ ತೋರುವ ಭೇದ ಸ್ವಲ್ಪವೇ. ಪ್ರಯೋಗಶಾಲೆಯ ಪರೀಕ್ಷೆಯಿಲ್ಲದೆ ಇಂಥದೇ ಎಂದು ನಿಶ್ಚಯಿಸಲಾಗದು. ಆದುದರಿಂದ ಒಂದೇ ವೇಳೆಗೆ ಹಲವು ಕೋಳಿಗಳು ಸತ್ತರೆ "ಇದು ಪ್ರತಿವರ್ಷವೂ ಬರುವುದೇ" ಎಂದು ಕಡೆಗಣಿಸುವುದು ಅಪಾಯಕರ.

೩. ರೋಗ ಕಂಡ ದಿನವೇ ಮಾಡತಕ್ಕ ಕೆಲಸಗಳು

(ಅ) ಬೇನೆ ಬಿದ್ದ ಕೋಳಿಗಳನ್ನು ಬೇರೆ ಮಂಕರಿಯಲ್ಲಿ, ಗಾಳಿಯು ಉಳಿದ ಹಿಂಡಿನ ಕಡೆಗೆ ಬೀಸದ ಮೂಲೆಯಲ್ಲಿಡಬೇಕು.

(ಆ) ಮೊದಲು ಆರೋಗ್ಯವಾದವುಗಳಿಗೆ, ಕಡೆಯಲ್ಲಿ ರೋಗದವುಗಳಿಗೆ ನೀರು ಆಹಾರಗಳನ್ನು ಕೊಡಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಸಾಕಿದವರ ಕೈಗಳೇ ರೋಗದ ವಾಹನಗಳಾಗುತ್ತವೆ. ಆಮೇಲೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು.

(ಇ) ಹಿಂಡನ್ನು ಹೊರಗೆ ಬಿಡಬಾರದು. ನೆರೆಮನೆಯವರಿಗೆ ಅದೇ ದಿನ ತಿಳಿಸಬೇಕು. ಇದರಲ್ಲಿ ನಾಚಿಕೆ ಪಡುವುದಕ್ಕೆ ಕಾರಣವಿಲ್ಲ, ಮುಚ್ಚಿಡುವುದೇ ಅಪರಾಧ.

(ಈ) ಸತ್ತ ಕೋಳಿಯನ್ನು ಕೆರೆಗೂ ಹಳ್ಳಕ್ಕೂ ತಿಪ್ಪೆಗೂ ಎಸೆಯಬಾರದು. ಬಾವಿಯಿಂದ ದೂರವಾಗಿ, ನಾಯಿಗಳು ಕೆದಕಲಾರದಷ್ಟು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಇಲ್ಲವೇ ಸುಡಬೇಕು.

(ಉ) ಹತ್ತಿರದ ಪಶುವೈದ್ಯ ಸಂಸ್ಥೆಗೆ ತಿಳಿಸಬೇಕು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ನೆರವು ಕೇಳಬಹುದು.

೪. ಮಾಡಬಾರದ ಕೆಲಸಗಳು

ಎರಡು ಕೋಳಿ ಸತ್ತೊಡನೆ ಉಳಿದವನ್ನು ಸಂತೆಗೆ ಹೊತ್ತು ಬಂದಷ್ಟಕ್ಕೆ ಮಾರುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಮಾರುವವರು ಆ ದಿನ ನಾಲ್ಕು ಕಾಸು ಉಳಿಸಿಕೊಂಡೆವೆಂದು ಎಣಿಸಬಹುದು. ಆದರೆ ಆ ಒಂದು ಮಂಕರಿಯಿಂದ ರೋಗವು ಸಂತೆಯ ಎಲ್ಲ ಮಂಕರಿಗಳಿಗೂ, ಅಲ್ಲಿಂದ ಹತ್ತೂರಿಗೂ ಹೋಗುತ್ತದೆ. ಮುಂದಿನ ವರ್ಷ ಅದೇ ರೋಗವು ಅದೇ ಸಂತೆಯಿಂದ ಅವರ ಹಿತ್ತಲಿಗೇ ಹಿಂದಿರುಗುತ್ತದೆ. ಮಾರಾಟವಾಗದೆ ಉಳಿದ ಕೋಳಿಗಳನ್ನು ಮರಳಿ ತಂದು ಹಿಂಡಿಗೆ ಸೇರಿಸುವುದೂ ಅಷ್ಟೇ ಕೆಡುಕು.

ಉಸಿರು ಕಟ್ಟಿದ ಕೋಳಿಯ ಗಂಟಲಿಗೆ ಸೀಮೆಎಣ್ಣೆಯನ್ನಾಗಲಿ ಹೊಗೆಸೊಪ್ಪಿನ ರಸವನ್ನಾಗಲಿ ಹೊಯ್ಯಬಾರದು. ಅದು ಶ್ವಾಸನಾಳಕ್ಕಿಳಿದು ಸಾವನ್ನು ಬೇಗ ತರುತ್ತದೆ. ಅಂಗಡಿಯಲ್ಲಿ ಸಿಕ್ಕಿದ ಮನುಷ್ಯರ ಮಾತ್ರೆಗಳನ್ನು ಅರೆದು ಕುಡಿಸುವುದೂ ಸಲ್ಲದು. ವೈರಸ್ಸಿನ ರೋಗಕ್ಕೆ ಅವುಗಳಿಂದ ಏನೂ ಫಲವಿಲ್ಲ. ಬ್ಯಾಕ್ಟೀರಿಯದ ರೋಗಕ್ಕೆ ಅರೆಬರೆ ಕೊಟ್ಟರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ವೈದ್ಯರು ಹೇಳಿದಷ್ಟು ದಿವಸ ಪೂರ್ತಿಯಾಗಿ ಕೊಡಬೇಕು. ಅವರು ಹೇಳುವ ಅವಧಿ ಮುಗಿಯುವವರೆಗೆ ಅಂಥ ಕೋಳಿಯ ಮೊಟ್ಟೆ ಮಾಂಸಗಳನ್ನು ತಿನ್ನಬಾರದು.

೫. ಗೂಡು ಮತ್ತು ಗಾಳಿ

ಚಳಿಯ ಭಯದಿಂದ ಹಲವರು ಗೂಡಿನ ಎಲ್ಲ ಕಂಡಿಗಳನ್ನೂ ಗೋಣಿಯಿಂದ ಮುಚ್ಚುವರು. ರಾತ್ರಿಯೆಲ್ಲ ಸೇರುವ ಹಿಕ್ಕೆಯಿಂದ ಏಳುವ ಅಮೋನಿಯಾ ಎಂಬ ಖಾರವಾದ ಆವಿಯು ಒಳಗೇ ನಿಂತು, ಕೋಳಿಗಳ ಕಣ್ಣು ಮೂಗುಗಳನ್ನು ಸುಟ್ಟು, ರೋಗಾಣುವಿಗೆ ಬಾಗಿಲು ತೆರೆಯುತ್ತದೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆದು ಕೋಳಿಯ ಎತ್ತರಕ್ಕೆ ಮುಖ ಬಗ್ಗಿಸಿದಾಗ ಮೂಗು ಚುರುಗುಟ್ಟಿದರೆ ಗಾಳಿ ಸಾಲದೆಂದು ತಿಳಿಯಬೇಕು. ಕೆಳಗಿನ ಭಾಗವನ್ನು ಮುಚ್ಚಿ, ಕೋಳಿಗಳ ತಲೆಯ ಮೇಲುಗಡೆ ಗಾಳಿ ಆಡುವಂತೆ ಬಿಡುವುದು ಸರಿಯಾದ ಕ್ರಮ. ಹಾಸು ಒಣಗಿರಬೇಕು, ಒದ್ದೆಯಾದೊಡನೆ ಬದಲಾಯಿಸಬೇಕು. ನೀರಿನ ಪಾತ್ರೆಯನ್ನು ದಿನವೂ ತೊಳೆಯಬೇಕು.

ರೋಗ ಬಂದು ಹೋದ ಗೂಡಿನ ಹಿಕ್ಕೆಯನ್ನೂ ಹಾಸನ್ನೂ ಪೂರ್ತಿಯಾಗಿ ತೆಗೆದು ಸುಟ್ಟು, ಸಾಬೂನಿನ ನೀರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿಯಬೇಕು. ಕೊಳೆಯ ಮೇಲೆಯೇ ಕ್ರಿಮಿನಾಶಕ ಚೆಲ್ಲಿದರೆ ಪ್ರಯೋಜನವಿಲ್ಲ. ಅನಂತರ ಒಂದು ತಿಂಗಳು ಗೂಡನ್ನು ಬರಿದಾಗಿ ಬಿಡತಕ್ಕದ್ದು. ಹೊಸದಾಗಿ ತಂದ ಕೋಳಿಗಳನ್ನು, ನಾಟಿಯವಾಗಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜ ತಳಿಯವಾಗಲಿ, ಮೂರು ವಾರಗಳ ಕಾಲ ಬೇರೆಯಾಗಿಟ್ಟು ನೋಡಿದ ಮೇಲೆಯೇ ಹಿಂಡಿಗೆ ಸೇರಿಸಬೇಕು.

೬. ಲಸಿಕೆ

ರಾಣಿಖೇತಿಗೆ ಲಸಿಕೆಯೊಂದೇ ರಕ್ಷೆ. ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗಾಗಲಿ ಮೂಗಿಗಾಗಲಿ ಒಂದು ತೊಟ್ಟು ಲಸಿಕೆ ಹಾಕಿಸುವುದು ಮೊದಲನೆಯ ಹಂತ. ಎಂಟು ವಾರ ತುಂಬಿದ ಮೇಲೆ ಚರ್ಮದ ಕೆಳಗೆ ಚುಚ್ಚುವ ಲಸಿಕೆ ಎರಡನೆಯ ಹಂತ. ಇವೆರಡೂ ಬೇರೆ ಬೇರೆ ಲಸಿಕೆಗಳು. ದೊಡ್ಡ ಕೋಳಿಯದನ್ನು ಎಳೆಯ ಮರಿಗೆ ಹಾಕಿದರೆ ಮರಿಗೆ ರೋಗವೇ ಬಂದೀತು. ಮುಂದೆ ಯಾವಾಗ ಮತ್ತೆ ಹಾಕಿಸಬೇಕೆಂಬುದನ್ನು ಪಶುವೈದ್ಯರಿಂದ ತಿಳಿಯಬೇಕು. ಬಲ ಬರುವುದಕ್ಕೆ ಒಂದೆರಡು ವಾರ ಹಿಡಿಯುವುದರಿಂದ, ರೋಗ ಹೊಕ್ಕ ಮೇಲೆ ಓಡುವುದು ವ್ಯರ್ಥ. ಜಾತ್ರೆಯ ಕಾಲದಲ್ಲಿ ಊರೂರಿನ ಕೋಳಿಗಳು ಕೈಬದಲಾಗುವುದರಿಂದ ಅದಕ್ಕೆ ಒಂದು ತಿಂಗಳು ಮುಂಚಿತವಾಗಿಯೇ ಈ ಕೆಲಸ ಮುಗಿದಿರಬೇಕು.

ಹಳ್ಳಿಗಳಲ್ಲಿ ಲಸಿಕೆಯು ನಡೆಯದಿರುವುದಕ್ಕೆ ಮುಖ್ಯ ಕಾರಣ ಅದರ ಶೀಷೆಯಲ್ಲಿದೆ. ಒಂದು ಶೀಷೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಕಾಗುವಷ್ಟು ಲಸಿಕೆಯಿರುತ್ತದೆ. ಅದನ್ನು ಬಳಸುವವರೆಗೂ ಮಂಜುಗಡ್ಡೆಯಲ್ಲಿಟ್ಟು, ಕಲಸಿದ ಮೇಲೆ ಸುಮಾರು ಎರಡು ಗಂಟೆಗಳೊಳಗೆ ಮುಗಿಸಬೇಕು, ಉಳಿದುದು ನಿರುಪಯೋಗಿ. ಹತ್ತು ಕೋಳಿಗಳಿರುವ ಮನೆಯವರೊಬ್ಬರೇ ಹೋಗಿ ಕೇಳಿದರೆ ಶೀಷೆಯನ್ನು ಒಡೆಯುವುದು ಹೇಗೆ? ಮನೆಗೆ ಹತ್ತರಂತೆ ಹತ್ತು ಮನೆಗಳು ಸೇರಿದರೆ ನೂರು ಕೋಳಿಗಳಾದವು. ಒಂದು ಶೀಷೆ ಒಂದೇ ಬೆಳಗ್ಗೆ ಮುಗಿಯಿತು. ಕೋಳಿಗಳನ್ನು ಗೂಡಿನಿಂದ ಬಿಡುವುದಕ್ಕೆ ಮುಂಚೆ, ಬೆಳಕು ಹರಿಯುವಾಗಲೇ ಈ ಕೆಲಸ ಸುಲಭ.

೭. ಗ್ರಾಮದ ಮುಖ್ಯಸ್ಥರ ಹೊಣೆ

ಈ ಹತ್ತು ಮನೆಗಳನ್ನು ಒಟ್ಟುಗೂಡಿಸುವ ಕೆಲಸ ಊರಿನ ಮುಖ್ಯಸ್ಥರದು. ಯಾವ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂದು ಪಟ್ಟಿ ಮಾಡಿ, ಪಶುವೈದ್ಯರೊಂದಿಗೆ ದಿನ ಗೊತ್ತುಮಾಡಿ, ಮುನ್ನಾದಿನ ಸಾರಿಸಿದರೆ ಸಾಕು. ಪಟ್ಟಿಯಲ್ಲಿ ಊರಂಚಿನ ಗುಡಿಸಿಲುಗಳೂ ಸೇರಿರಬೇಕು. ಒಂದು ಕೇರಿಯನ್ನು ಬಿಟ್ಟು ಲಸಿಕೆ ಹಾಕಿಸಿದರೆ ರೋಗವು ಆ ಕೇರಿಯಲ್ಲಿ ಉಳಿದು, ಲಸಿಕೆಯಾಗದ ಹೊಸ ಮರಿಗಳ ಮೂಲಕ ಮತ್ತೆ ಊರನ್ನೆಲ್ಲ ಹೊಗುತ್ತದೆ.

2009ರಲ್ಲಿ ಆದ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿವಾರಣೆಯ ಕೇಂದ್ರ ಕಾಯಿದೆಯ ಪ್ರಕಾರ, ಗೊತ್ತುಪಡಿಸಿದ ಅಂಟುರೋಗದ ಶಂಕೆಯುಂಟಾದಾಗ ಪ್ರಾಣಿಯ ಒಡೆಯರು ಗ್ರಾಮದ ಅಧಿಕಾರಿಗಾಗಲಿ ಪಂಚಾಯಿತಿಗಾಗಲಿ ತಿಳಿಸಬೇಕು. ರೋಗದ ಪ್ರಾಣಿಯನ್ನು ಬೇರ್ಪಡಿಸಬೇಕು. ಸತ್ತುದನ್ನು ನದಿ ಕೆರೆ ಕಾಲುವೆಗಳಿಗೆ ಹಾಕಬಾರದು. ರಾಣಿಖೇತ್, ಹಕ್ಕಿಜ್ವರಗಳೆರಡೂ ಈ ಕಾಯಿದೆಯೊಳಗೆ ಸೇರಿವೆ.

ಊರೆಲ್ಲ ಒಂದಾದರೆ ಏನಾಗಬಹುದೆಂಬುದಕ್ಕೆ ದನಗಳ ದೊಡ್ಡ ರೋಗವೇ ಸಾಕ್ಷಿ. ಒಂದು ಕಾಲದಲ್ಲಿ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ಆ ಪಿಡುಗು, ಗ್ರಾಮ ಗ್ರಾಮಗಳಲ್ಲಿ ಬಿಡದೆ ನಡೆದ ಲಸಿಕೆಯ ಕೆಲಸದಿಂದ ಅಡಗಿ, 2011ರಲ್ಲಿ ಭೂಮಿಯಿಂದಲೇ ತೊಲಗಿತೆಂದು ಪ್ರಕಟವಾಯಿತು. ಕಾಡುಹಕ್ಕಿಗಳಲ್ಲಿಯೂ ಇರುವ ಕೊಕ್ಕರೆ ರೋಗವನ್ನು ಹಾಗೆ ನಿರ್ಮೂಲ ಮಾಡುವುದು ಕಷ್ಟ. ಆದರೆ ಒಂದು ಊರಿನ ಹಿತ್ತಲುಗಳಿಂದ ಅದನ್ನು ದೂರವಿಡುವುದು ಆ ಊರಿನವರ ಕೈಯಲ್ಲಿಯೇ ಇದೆ.

ಸಾರಾಂಶ

1. ವಾರಕ್ಕೊಮ್ಮೆ ರಾತ್ರಿ ಗೂಡಿನ ಬಳಿ ಕಿವಿಗೊಟ್ಟು ಕೇಳಿರಿ.
2. ಬೇನೆಯ ಕೋಳಿಯನ್ನು ಅದೇ ದಿನ ಬೇರ್ಪಡಿಸಿರಿ, ಸಂತೆಗೆ ಒಯ್ಯಬೇಡಿರಿ.
3. ಸತ್ತುದನ್ನು ಹೂಳಿರಿ ಅಥವಾ ಸುಡಿರಿ.
4. ಗೂಡಿಗೆ ಗಾಳಿಯೂ ಒಣ ಹಾಸೂ ಇರಲಿ.
5. ಹೊಸ ಕೋಳಿಯನ್ನು ಮೂರು ವಾರ ಪ್ರತ್ಯೇಕವಾಗಿಡಿರಿ.
6. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಟ್ಟದೆ ವರದಿ ಮಾಡಿರಿ.
7. ಹತ್ತು ಮನೆಗಳು ಕೂಡಿ, ಜಾತ್ರೆಗೆ ತಿಂಗಳ ಮುಂಚೆ ಲಸಿಕೆ ಹಾಕಿಸಿರಿ.