ಸೂರ್ಯನ ಬೆಳಕೂ ಸೊಳ್ಳೆಯ ಬೋನೂ

ದೆಹಲಿಯ ನೆರೆಯಲ್ಲಿ, ಹಿಂಡನ್ ನದಿಯ ದಡದಲ್ಲಿ, ಘಾಜಿಯಾಬಾದ್ ಎಂಬ ಕೈಗಾರಿಕಾ ನಗರವಿದೆ. ಅದರ ಸಾಹಿಬಾಬಾದ್ ಭಾಗದಲ್ಲಿರುವ, 1974ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1977ರಲ್ಲಿ ಭಾರತದ ಮೊದಲ ಸೌರಕೋಶವನ್ನೂ ಮರುವರ್ಷ ಮೊದಲ ಸೌರಫಲಕವನ್ನೂ ಸಿದ್ಧಗೊಳಿಸಿತು. ಮಳೆಗಾಲ ಕಳೆಯುತ್ತಲೇ ಡೆಂಗೆ ಜ್ವರಕ್ಕೆ ಅಂಜುವುದೂ ಇದೇ ನಗರವೇ. ಆದುದರಿಂದ ಬಿಸಿಲಿನ ಶಕ್ತಿಯಿಂದ ಸೊಳ್ಳೆಯನ್ನು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಈ ಊರನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

ಬೋನಿನ ರಚನೆ ಸರಳವಾದುದು. ಕೊಳವೆಯ ಬಾಯಲ್ಲಿ ಒಂದು ಸಣ್ಣ ದೀಪ. ಅದರ ಕೆಳಗೆ ಗಾಳಿಯನ್ನು ಒಳಕ್ಕೆ ಸೆಳೆಯುವ ಪುಟ್ಟ ಫ್ಯಾನು. ಅದರಡಿ ಬಲೆಯ ಚೀಲ. ಎಲ್ಲಕ್ಕೂ ಮೇಲೆ ಮಳೆಯನ್ನು ತಡೆಯುವ ಮುಚ್ಚಳ. ದೀಪದ ಬಳಿ ಸುಳಿದ ಕೀಟವು ಗಾಳಿಯ ಸೆಳೆತಕ್ಕೆ ಸಿಕ್ಕಿ ಚೀಲವನ್ನು ಸೇರುತ್ತದೆ. ಬ್ಯಾಟರಿಯಿಂದ ನಡೆಯುವ ಇಂಥ ಹಗುರವಾದ ಬೋನನ್ನು 1962ರಲ್ಲಿ ಅಮೆರಿಕದ ಸುಡಿಯಾ ಮತ್ತು ಚೇಂಬರ್ಲಿನ್ ಎಂಬ ವಿಜ್ಞಾನಿಗಳು ವಿವರಿಸಿದರು.

ಇನ್ನು ಲೆಕ್ಕಕ್ಕೆ ಬರೋಣ. ದೀಪಕ್ಕೆ ಅರ್ಧ ವ್ಯಾಟ್, ಫ್ಯಾನಿಗೆ ಒಂದೂವರೆ ವ್ಯಾಟ್, ಒಟ್ಟು 2 ವ್ಯಾಟ್ ಎಂದಿಟ್ಟುಕೊಂಡರೆ, 12 ಗಂಟೆಯ ರಾತ್ರಿಗೆ 24 ವ್ಯಾಟ್-ಗಂಟೆ ಬೇಕು. ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲು ದೊರೆತರೆ 6 ವ್ಯಾಟಿನ ಫಲಕ ಸಾಕೆಂದು ತೋರುವುದು. ಆದರೆ ಧೂಳು, ಕಾವು, ಬ್ಯಾಟರಿಯಲ್ಲಾಗುವ ನಷ್ಟ ಇವುಗಳನ್ನು ನೆನೆದು 10 ವ್ಯಾಟಿನದನ್ನು ಆರಿಸುವುದು ಲೇಸು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಅಡಗಿರುವುದರಿಂದ, ನಡುವೆ ಒಂದು ದಿನ ಮೋಡ ಕವಿದರೂ ಕೆಲಸ ನಿಲ್ಲದು. ಫಲಕವು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು ಬಾಗಿರಬೇಕು: ಘಾಜಿಯಾಬಾದಿನಲ್ಲಿ ಸುಮಾರು 28 ಡಿಗ್ರಿ, ನಮ್ಮ ಬೆಂಗಳೂರಿನಲ್ಲಿ 13 ಡಿಗ್ರಿ.

ಇಷ್ಟಾದ ಮೇಲೆ ಸೊಳ್ಳೆಯ ಕಾಟ ತೀರಿತೆಂದು ಹಿಗ್ಗಬಾರದು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಎಣಿಕೆಯಂತೆ, ಕೀಟಗಳನ್ನು ವಿದ್ಯುತ್ತಿನಿಂದ ಕೊಲ್ಲುವ ದೀಪಗಳಲ್ಲಿ ಸತ್ತ 13,789 ಕೀಟಗಳ ಪೈಕಿ ಕಚ್ಚುವಂಥವು 31 ಮಾತ್ರ! ಉಳಿದವುಗಳಲ್ಲಿ ಬಹುಪಾಲು ನಿರಪರಾಧಿಗಳು. ನೆತ್ತರನ್ನು ಬಯಸುವ ಹೆಣ್ಣು ಸೊಳ್ಳೆಯು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಕಾವನ್ನೂ ವಾಸನೆಯನ್ನೂ ಅರಸಿ ಬರುತ್ತದೆ. ಅದಕ್ಕಾಗಿಯೇ ಸಂಶೋಧಕರು ಬೋನಿನ ಪಕ್ಕದಲ್ಲಿ ಆ ಅನಿಲವನ್ನು ಸೂಸುವ ಒಣಮಂಜನ್ನು ತೂಗಹಾಕುವುದುಂಟು. ಮೇಲಾಗಿ, ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆಯು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ರಾತ್ರಿಯ ದೀಪ ಅದಕ್ಕೇನು ಮಾಡೀತು?

ಆದುದರಿಂದ ಯಾವ ಜಾತಿಯ ಸೊಳ್ಳೆ ಎಲ್ಲಿ ಎಷ್ಟಿದೆಯೆಂದು ಅರಿಯಲು ಬೋನು ಒಳ್ಳೆಯ ಸಾಧನ. ಅದೊಂದನ್ನೇ ನಂಬಿದರೆ ಜ್ವರದಿಂದ ಪಾರಾಗಲಾರೆವು. 1883ರಲ್ಲಿ ಬೆಂಗಳೂರಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್, ತಮ್ಮ ಬಿಡಾರದ ಬಳಿಯ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ಆ ನೀರನ್ನು ಚೆಲ್ಲಿಸಿದರು, ಸೊಳ್ಳೆಗಳು ಕಡಮೆಯಾದುವು. ಘಾಜಿಯಾಬಾದಿನ ಮನೆಗಳ ಕೂಲರಿನ ನೀರಿಗೂ ನಮ್ಮ ಹಿತ್ತಿಲಿನ ಬಕೆಟ್ಟಿಗೂ ಈ ಪಾಠವೇ ಅನ್ವಯಿಸುತ್ತದೆ. ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗಲು ಬೇಸಗೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಬೇಡ. ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಿ ಪಾತ್ರೆಯನ್ನು ಉಜ್ಜಿ ತೊಳೆಯೋಣ; ಆಮೇಲೆ ಬೋನನ್ನು ಕಟ್ಟೋಣ.